ಒಳಹೊಳೆ ತೊಳೆದ ಮಾಚ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ಚಂದ್ರಸಾಲೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಹೊಳೆದಂಡೆಯಲ್ಲಿ ಮಾಚ ಅನ್ನೋ ಮಡಿವಾಳ ಇದ್ದ. ಅವನ ಹೆಂಡತಿ ಕೆಂಚಿ. ಇಬ್ಬರೂ ಸೇರಿ ರಾಜನ ಅಂಗಿ ಒಗೆಯುತ್ತಿದ್ದರು. ಕುರುಬನ ಕಂಬಳಿಯನ್ನೂ ಒಗೆಯುತ್ತಿದ್ದರು. ಹುಳಿ ತಾಗಿದ ಬಟ್ಟೆ ಬಂದರೆ ಸವಳು ಮಣ್ಣಿನ ನೀರಲ್ಲಿ ನೆನೆಸುತ್ತಿದ್ದರು. ಸವಳು ಹುಳಿಯನ್ನು ತಿನ್ನುತ್ತದೆ. ಅದು ಅವರಿಗೆ ಗೊತ್ತಿತ್ತು.

ಒಂದು ದಿನ ಧೂಮಾಂಗ ಅನ್ನೋ ಮಾಂತ್ರಿಕ ತನ್ನ ಕರಿ ನಿಲುವಂಗಿಯನ್ನು ಒಗೆಯಲು ಕೊಟ್ಟ. ಕೆಂಚಿ ಮೂರು ಸಲ ನೆನೆಸಿದಳು. ಮೂರು ಸಲ ಕಲ್ಲಿಗೆ ಬಡಿದಳು. ಅಂಗಿ ಬೆಳ್ಳಗಾಯಿತು. ಅದರಲ್ಲಿದ್ದ ಮಂತ್ರವೆಲ್ಲ ಹೊಳೆಯಲ್ಲಿ ಹೋಯಿತು.

ಧೂಮಾಂಗ ಬಂದು ನೋಡಿದ. ಮುಖ ಕಪ್ಪಿಟ್ಟಿತು.

"ಏನೇ ಇದು?"

"ಕೊಳೆ ಬಾಳ ಇತ್ತು ಸ್ವಾಮಿ. ಎಷ್ಟು ವರ್ಷದ್ದೋ ಏನೋ," ಅಂದಳು ಕೆಂಚಿ.

"ಕೊಳೆ ತೆಗೀತೀಯಾ? ಇದನ್ನ ತೆಗಿ ನೋಡೋಣ," ಅಂದ ಮಾಂತ್ರಿಕ. ಅವಳ ಬಾಯೊಳಕ್ಕೆ ಒಂದು ತೊಟ್ಟು ಮಂತ್ರದ ಹುಳಿ ಸಿಡಿಸಿದ. ನಕ್ಕು ಹೋದ.

ಕೆಂಚಿ ಮಲಗಿಬಿಟ್ಟಳು. ಉಸಿರು ಕಮ್ಮಾರನ ತಿದಿಯ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಸೂಲಗಿತ್ತಿ ಚೌಡಮ್ಮ ಬಂದಳು. ನಾಡಿ ಹಿಡಿದಳು. ಬಾಯಿ ಮೂಸಿದಳು.

"ಮಾಚಾ, ಇವಳ ಒಳಗಿರೋ ಕೆಂಪುಹೊಳೆ ಹುಳಿಯಾಗೈತೆ ಕಣಪ್ಪ. ಅಷ್ಟಷ್ಟು ಹುಳಿಯನ್ನ ಉಸಿರು ಆಚೆಗೆ ಊದ್ತಾ ಐತೆ. ಮೂಳೆಗಳು ತಮ್ಮ ಸುಣ್ಣ ಕೊಟ್ಟು ತಡೀತಾ ಅವೆ. ಆದ್ರೆ ಎಷ್ಟು ದಿನ ಕೊಟ್ಟಾವು?"

"ಮತ್ತೆ ಯಾರು ತೆಗೀಬೇಕು ಚೌಡವ್ವ?"

"ಸೊಂಟದ ಮೇಲೆ, ಬೆನ್ನಿನ ಕಡೆಗೆ, ಅವರೆಕಾಳಿನಂಥವು ಎರಡಿರ್ತವೆ. ಮೂತ್ರಪಿಂಡ ಅಂತಾರೆ. ಹೊಳೆ ತೊಳೆಯೋರು ಅವರೇ. ಮಾಂತ್ರಿಕ ಅಲ್ಲಿ ಮಂಪರು ಹಾಕವ್ನೆ. ಯಾರಾದ್ರೂ ಒಳಗೋಗಿ ಎಬ್ಬಿಸ್ಬೇಕು."

"ನಾನೇ ಹೋಗ್ತೀನಿ. ತೊಳೆಯೋದು ನನ್ನ ಕಸುಬು."

ಚೌಡಮ್ಮ ಒಂದು ಬೀಜ ಕೊಟ್ಟಳು. ಮಾಚ ನುಂಗಿದ. ಸಾಸಿವೆಗಿಂತ ಸಣ್ಣವನಾದ. ಧೂಳಿನ ಕಣಕ್ಕಿಂತ ಸಣ್ಣವನಾದ. ಚೌಡಮ್ಮ ಅವನನ್ನು ಒಂದು ಗುಟುಕು ನೀರಲ್ಲಿ ಬಿಟ್ಟು ಕೆಂಚಿಗೆ ಕುಡಿಸಿದಳು. ನೀರು ಹೊಟ್ಟೆಗೆ ಇಳಿಯಿತು. ಕರುಳಿಂದ ಕೆಂಪುಹೊಳೆಗೆ ಸೇರಿತು. ಹೊಳೆ ಮಾಚನನ್ನು ಹೊತ್ತುಕೊಂಡು ಅವರೆಕಾಳಿನ ಕೋಟೆಗೆ ಬಂತು.

ಕೋಟೆಯ ಬಾಗಿಲಲ್ಲಿ ಒಂದು ಜೇಡ. ಅದು ನೂರು ಕಾಲುಗಳನ್ನು ಹೆಣೆದು ಹೊಳೆಯನ್ನು ತಬ್ಬಿಕೊಂಡಿತ್ತು. ಕಾಲುಗಳ ಸಂದೇ ಜರಡಿ. ಜೇಡ ನಿದ್ದೆಯಲ್ಲಿತ್ತು. ಜರಡಿ ಮುಚ್ಚಿಹೋಗಿತ್ತು.

ಮಾಚ ಕೂಗಿದ. ಏಳಲಿಲ್ಲ. ತಳ್ಳಿದ. ಏಳಲಿಲ್ಲ. ಆಮೇಲೆ ಅದರ ಒಂದು ಕಾಲು ಹಿಡಿದು, ಒದ್ದೆ ಸೀರೆ ಒದರುವ ಹಾಗೆ ಫಟ್ ಅಂತ ಒದರಿದ. ಜೇಡ ಕಣ್ಣು ಬಿಟ್ಟಿತು.

"ಯಾರಲೇ ಅದು ಕಾಲು ಎಳೆಯೋನು?"

"ಮಡಿವಾಳ ಮಾಚ. ದಾರಿ ಬಿಡು."

"ಎಲ್ಲರನ್ನೂ ಬಿಡಲ್ಲ. ಹೊಳೇಲಿ ಕೆಂಪಗೆ ದಪ್ಪಗೆ ತೇಲ್ತಾವಲ್ಲ, ಅವು ಇಲ್ಲೇ ಇರ್ಬೇಕು. ನೀರು, ಉಪ್ಪು, ಸಕ್ಕರೆ, ಹುಳಿ, ಸವಳು, ಇಂಥ ಸಣ್ಣವು ಮಾತ್ರ ಆಚೆ. ನಿನ್ನ ರುಮಾಲು ದಪ್ಪ ಆಯ್ತು."

ಮಾಚ ರುಮಾಲು ಬಿಚ್ಚಿ ಎಸೆದ. ಜರಡಿ ತೆರೆಯಿತು. ನೀರು ಧೋ ಅಂತ ಸುರಿಯಿತು. ಮಾಚನೂ ನುಸುಳಿದ.

ಮುಂದೆ ಸುತ್ತು ಸುತ್ತಾದ ಕಾಲುವೆ. ಕಾಲುವೆಯ ಎರಡೂ ದಡದಲ್ಲಿ ಸಾವಿರ ಇರುವೆಗಳು. ಹರಿದು ಬಂದ ನೀರನ್ನು ಕೊಡಕೊಡವಾಗಿ ಎತ್ತಿ ಹೊಳೆಗೇ ವಾಪಸು ಸುರಿಯುತ್ತಿದ್ದವು. ಮಾಚನಿಗೆ ಸಿಟ್ಟು ಬಂತು. ಬಟ್ಟೆ ಹಿಂಡಿದ ನೀರನ್ನು ಅವನು ಒಂದು ದಿನವೂ ವಾಪಸು ನೆನೆಸುವ ಬಾನಿಗೆ ಸುರಿದವನಲ್ಲ.

"ಬುದ್ಧಿ ಇಲ್ವೇನ್ರೋ ನಿಮಗೆ? ಕೊಳೆ ನೀರನ್ನ ಮತ್ತೆ ಒಳಕ್ಕೆ ಹಾಕ್ತೀರಲ್ಲ!" ಅಂದ. ದಡದ ಮೇಲೆ ಓಡಾಡಿ ಇರುವೆಗಳ ಸಾಲನ್ನು ಕದಡಿದ. ಕೊಡಗಳನ್ನು ಉರುಳಿಸಿದ. ನೀರೆಲ್ಲ ಕೆಳಕ್ಕೆ ಹರಿದು ಹೋಯಿತು.

ಆಗ ಮೇಲಿಂದ ಕೆಂಚಿಯ ದನಿ ಕೇಳಿಸಿತು. "ಚೌಡವ್ವಾ... ನಾಲಿಗೆ ಒಣಗ್ತೈತೆ... ಕಣ್ಣು ಕತ್ತಲೆ ಬರ್ತೈತೆ..."

ಕೆಂಪುಹೊಳೆ ಇಳಿಯುತ್ತಿತ್ತು.

ಇರುವೆಗಳ ಹಿರಿಯ ಮುಂದೆ ಬಂದ. "ನೋಡಿದ್ಯಾ ಮಾರಾಯ? ನೂರು ಕೊಡ ಬಂದ್ರೆ ತೊಂಬತ್ತೊಂಬತ್ತು ವಾಪಸು ಹೋಗ್ಬೇಕು. ಸಕ್ಕರೆ ವಾಪಸು. ಬೇಕಾದಷ್ಟು ಉಪ್ಪು ವಾಪಸು. ಹುಳಿ ತಿನ್ನೋ ಸವಳೂ ವಾಪಸು. ಅದನ್ನೇ ನೀನು ಚೆಲ್ಲಿಬಿಟ್ಟೆ. ಇಲ್ಲಿ ಮೊದಲು ಎಲ್ಲಾ ಆಚೆ ಹಾಕ್ತೀವಿ. ಆಮೇಲೆ ಬೇಕಾದ್ದನ್ನ ಆರಿಸ್ಕೊಳ್ತೀವಿ. ನಮ್ಮ ಪದ್ಧತಿ ಇದು."

"ತಪ್ಪಾಯ್ತು ಹಿರಿಯಪ್ಪ," ಅಂದ ಮಾಚ. ಬಗ್ಗಿ ಒಂದು ಕೊಡ ಹೊತ್ತ. ಇನ್ನೊಂದು ಹೊತ್ತ. ಮೇಲೆ ಚೌಡಮ್ಮನೂ ಕೆಂಚಿಗೆ ನೀರು ಕುಡಿಸಿದಳು. ಹೊಳೆ ಏರುವ ತನಕ ಮಾಚ ಹೊತ್ತ.

ಆಮೇಲೆ ಕಾಲುವೆಯ ಕೊನೆಯ ತಿರುವಿಗೆ ಬಂದ. ಅಲ್ಲಿ ಹುಳಿಯ ಕಿಡಿಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಮಾಚ ಒಂದನ್ನು ಹಿಡಿದು ಆಚೆ ಎಸೆಯಲು ಹೋದ. ಅಂಗೈ ಸುಟ್ಟಿತು. ಮೂಲೆಯಲ್ಲಿ ಒಬ್ಬ ಅಜ್ಜಿ ತೂಕಡಿಸುತ್ತಿದ್ದಳು. ಅವಳ ಮೈಯಿಂದ ಮೂಗು ಕಿತ್ತುಹೋಗುವಂಥ ಘಾಟು.

"ಅಜ್ಜೀ, ಏಳು. ನನ್ನ ಹೆಂಡ್ತಿ ಸಾಯ್ತಾಳೆ."

ಅಜ್ಜಿ ಒಂದು ಕಣ್ಣು ಬಿಟ್ಟಳು. "ಮೂಗು ಮುಚ್ಕೊಂಡು ಮಾತಾಡೋನ ಮಾತು ನಾನು ಕೇಳಲ್ಲ."

ಮಾಚ ಮೂಗಿನಿಂದ ಕೈ ತೆಗೆದ. "ನಿನ್ನ ಘಾಟು ನನಗೆ ಹೊಸದಲ್ಲ ಕಣಜ್ಜಿ. ನಮ್ಮ ಕತ್ತೆ ಕಟ್ಟೋ ಜಾಗ ಹಿಂಗೇ ಇರ್ತೈತೆ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ನಗುವಾಗಲೇ ಮಂಪರು ಹರಿಯಿತು. ಎದ್ದು ಒಂದು ಕಿಡಿಯನ್ನು ಸೆರಗಿಗೆ ಕಟ್ಟಿಕೊಂಡಳು. ಅದು ಅವಳನ್ನು ಸುಡಲಿಲ್ಲ.

"ಹುಳಿ ಒಂಟಿಯಾಗಿ ಹೋದ್ರೆ ದಾರಿ ಸುಡ್ತೈತೆ. ನನ್ನ ಘಾಟು ಜೊತೆಗಿದ್ರೆ ತೆಪ್ಪಗೆ ಹೋಗ್ತೈತೆ. ನಾನು ಒಂದು ಹುಳಿ ಆಚೆ ಹಾಕಿದ್ರೆ, ಒಂದು ಚಿಟಿಕೆ ಹೊಸ ಸವಳು ಹುಟ್ಟಿ ಹೊಳೆಗೆ ಸೇರ್ತೈತೆ. ಆದ್ರೆ ಉಸಿರಿನಷ್ಟು ಚುರುಕಲ್ಲ ಕಣಪ್ಪ ನಾನು. ಮೂರು ದಿನ ಬೇಕು. ಅಲ್ಲೀತನಕ ಅವಳ ಉಸಿರು ತಡೆದೀತಾ?"

"ತಡೀತಾಳೆ," ಅಂದ ಮಾಚ. "ಬಂಡೆ ಮೇಲೆ ಕಂಬಳಿ ಒಗೆದ ರಟ್ಟೆ ಅವಳದು."

ಅಜ್ಜಿ ಕಟ್ಟಿದಳು. ಮಾಚ ಸಾಗಿಸಿದ. ಒಂದು ಆಚೆ, ಒಂದು ಒಳಗೆ. ಒಂದು ಆಚೆ, ಒಂದು ಒಳಗೆ. ಮೂರು ದಿನ ಕಳೆಯಿತು. ಕೊನೆಗೆ ಮಾಂತ್ರಿಕನ ಆ ಒಂದು ತೊಟ್ಟು ಹುಳಿ ಬಂತು. ಅದು ಹೊಗೆಯಾಡುತ್ತಿತ್ತು.

"ಇದರೊಳಗೆ ಅವನ ಪ್ರಾಣ ಐತೆ," ಅಂದಳು ಅಜ್ಜಿ. "ಇದನ್ನ ನೀನೇ ತಗೊಂಡೋಗು." ತನ್ನ ಸೆರಗನ್ನೇ ಹರಿದು ಸುತ್ತಿ ಕೊಟ್ಟಳು.

ಮಾಚ ಅದನ್ನು ಕಂಕುಳಲ್ಲಿ ಇಟ್ಟುಕೊಂಡ. ಉದ್ದನೆಯ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಇಳಿದ. ಕೆಳಗೆ ಮೂತ್ರಕೋಶ ಅನ್ನೋ ಕೆರೆ. ಕೆರೆ ತುಂಬಿ ಬಿಗಿದಿತ್ತು. ತೂಬಿಗೆ ಎರಡು ಅಗುಳಿ. ಒಳಗಿನ ಅಗುಳಿ ತಾನಾಗಿ ಸರಿಯಿತು. ಹೊರಗಿನದು ಸರಿಯಲಿಲ್ಲ. ಅದನ್ನು ಕೆಂಚಿ ಮನಸ್ಸು ಮಾಡಿಯೇ ತೆಗೆಯಬೇಕು.

ಕೆಂಚಿ ತೆಗೆಯುತ್ತಿರಲಿಲ್ಲ. ಧೂಮಾಂಗ ಹೊಸ್ತಿಲ ಮೇಲೆ ಬಂದು ಕೂತಿದ್ದ. ಜೇನಿನಂಥ ದನಿ ಮಾಡಿಕೊಂಡಿದ್ದ. "ಏಳ್ಬೇಡ ತಾಯಿ. ಗಂಡಸು ನಾನು ಬಾಗಿಲಲ್ಲೇ ಕೂತಿದೀನಿ. ಮರ್ಯಾದಸ್ಥೆ ನೀನು. ತಡ್ಕೋ."

ಕೆಂಚಿ ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಕೆರೆಯ ನೀರು ಕೊಳವೆಗಳನ್ನು ಒತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಹುಳಿ ಹಿಂದಕ್ಕೆ ಹತ್ತುತ್ತಿತ್ತು.

ಮಾಚ ಇದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದ. "ಲೇ ಕೆಂಚೀ! ಎದ್ದೋಗೇ! ಊರಿನೋರ ಚಡ್ಡಿ ಎಲ್ಲ ಒಗೆದೋಳಿಗೆ ಎಂಥದೇ ನಾಚಿಕೆ?"

ಕೆಂಚಿ ಬೆಚ್ಚಿದಳು. ಆಮೇಲೆ ಬತ್ತಿದ ತುಟಿಯಲ್ಲೇ ನಕ್ಕಳು. "ಚೌಡವ್ವ, ಕೈ ಕೊಡು. ಒಂದಕ್ಕೆ ಹೋಗ್ಬೇಕು."

ಧೂಮಾಂಗ ಅಡ್ಡ ನಿಂತ. ಚೌಡಮ್ಮ ಅವನನ್ನು ಮೊಣಕೈಯಿಂದ ತಳ್ಳಿದಳು. "ಸರಿಯೋ ಆಚೆ! ಹೆಣ್ಮಕ್ಕಳು ಹೋಗೋ ದಾರೀಲಿ ನಿಂದೇನು?" ಬೇಲಿಯ ಹಿಂದೆ ಸೀರೆ ಮರೆ ಹಿಡಿದಳು. ಕೆಂಚಿ ಕೂತಳು. ಅಗುಳಿ ಸರಿಯಿತು.

ನೀರು ಹೊರಗೆ ಬಂತು. ಹುಳಿ ಬಂತು. ಮಾಚನೂ ಬಂದ. ಮಂತ್ರದ ತೊಟ್ಟು ಸವಳು ಮಣ್ಣಿಗೆ ಬಿದ್ದು ಬುಸ್ ಅಂತ ನೊರೆಯಾಯಿತು. ಹೊಸ್ತಿಲಲ್ಲಿ ಧೂಮಾಂಗನೂ ಹೆಬ್ಬೆರಳಿಂದ ನೆತ್ತಿಯ ತನಕ ನೊರೆಯಾದ. ಗಾಳಿ ಬೀಸಿತು. ಅವನು ಇರಲಿಲ್ಲ.

ಮಾಚ ಒದ್ದೆ ಮೈಯಲ್ಲಿ ಆಳೆತ್ತರಕ್ಕೆ ಬೆಳೆದು ನಿಂತ.

"ಥೂ, ಹೋಗಿ ಸ್ನಾನ ಮಾಡಯ್ಯ," ಅಂದಳು ಕೆಂಚಿ.

ಅವನು ಹೋಗಲಿಲ್ಲ. ಅವಳ ಉಸಿರು ಕೇಳುತ್ತ ನಿಂತ. ತಿದಿಯ ಹಾಗೆ ಇರಲಿಲ್ಲ ಅದು. ನಿಧಾನವಾಗಿ ಒಳಗೆ ಹೋಗುತ್ತಿತ್ತು, ನಿಧಾನವಾಗಿ ಹೊರಗೆ ಬರುತ್ತಿತ್ತು.

ಚಂದ್ರಸಾಲೆಯಲ್ಲಿ ಆಮೇಲೆ ಯಾವ ಮಾಂತ್ರಿಕನೂ ಕಾಲಿಡಲಿಲ್ಲ. ಮಳೆ ಬಂತು, ಬೆಳೆ ಬಂತು. ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು. ಮಾಚ ಬದುಕಿದ, ಕೆಂಚಿ ಬದುಕಿದಳು. ತಲೆ ಬೆಳ್ಳಗಾಗುವ ತನಕ ಬದುಕಿದರು. ಇಬ್ಬರೂ.