ಬಸವೇಶ್ವರಿಯ ಮೂರನೆಯ ಬಸಿರು

“ಈ ಸಲಾನೂ ಕೂಸು ಉಳೀಲಿಲ್ಲಂದ್ರ ನನ್ನ ಮಗಗ ಬ್ಯಾರೆ ಹೆಣ್ಣು ತರ್ತೇನಿ! ಜಿಡಗಾ ಊರಾಗ ಒಂದು ನೋಡಿಟ್ಟೇನಿ!”

ಅತ್ತೆ ಸುಭದ್ರಾಬಾಯಿಯ ಮಾತು ಕೇಳಿ ಬಸವೇಶ್ವರಿಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿಕೊಂಡು ಬಿತ್ತು... ಆಕೆ ಮೂರು ತಿಂಗಳ ಬಸುರಿ. ಹಿಂದಿನ ಎರಡು ಕೂಸುಗಳೂ ಏಳನೆಯ ತಿಂಗಳಿನಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಕರಜಗಿಯ ಆ ಮನೆಯಲ್ಲಿ ಅಂದಿನಿಂದ ಆಕೆ ಕೇಳದ ಚುಚ್ಚುಮಾತಿಲ್ಲ. ಆದರೆ ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಆ ಹೆಣ್ಣು ಇಂದೂ ಅಳಲಿಲ್ಲ.

“ತರೋದಿದ್ರ ತರ್ರಿ, ಅತ್ತಿಯಾರ. ಅದಕ್ಕೂ ಮೊದಲ ಒಂದ್ ಸಲ ನನ್ ಸಂಗಟ ಕಲಬುರಗಿಗಿ ಬರ್ರಿ. ತಪ್ಪು ಯಾರ್ದು ಅಂತ ಡಾಕ್ಟರ್ ಬಾಯಿಂದಾನೇ ಕೇಳ್ರಿ!”

ಗಂಡ ವಿಶ್ವಾರಾಧ್ಯ ತಾಯಿಯೆದುರು ಎಂದೂ ಬಾಯಿ ಬಿಟ್ಟವನಲ್ಲ. ಅಂದು ಮಾತ್ರ, “ಹೋಗೋಣ ನಡಿ ಬೇ ಅವ್ವ,” ಎಂದ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಗೌಸಿಯಾಬೇಗಂ ಹಳೆಯ ರಿಪೋರ್ಟುಗಳನ್ನೆಲ್ಲ ಓದಿ, ಕುರ್ಚಿಯನ್ನು ಸುಭದ್ರಾಬಾಯಿಯ ಹತ್ತಿರಕ್ಕೆ ಎಳೆದುಕೊಂಡರು.

“ತಪ್ಪು ಯಾರ್ದೂ ಅಲ್ರಿ, ಅಮ್ಮಾ. ಕೂಸು ಅರ್ಧ ತಾಯಿದು, ಅರ್ಧ ತಂದಿದು. ಮುಳ್ಳು ಚುಚ್ಚಿದ್ರ ಕೀವು ಮಾಡಿ ಹೊರಗ ತಳ್ಳೋ ಮೈ, ನಿಮ್ಮ ಮಗನ ಕಡಿಂದ ಬಂದ ಆ ಅರ್ಧಾನ ಮಾತ್ರ ತಳ್ಳದ ಇಟ್ಕೋಬೇಕು. ಅದು ಹೆಂಗ ಒಪ್ತದ ಅನ್ನೋದು ತಾಯಿ ಜೀನು, ಕೂಸಿನ ಜೀನು ಎರಡರ ಮ್ಯಾಲೂ ಅದ. ಎರಡೂ ಹೊಂದಲಿಲ್ಲಂದ್ರ ಕೂಸಿಗಿ ರಕ್ತ ಸಾಲಂಗಿಲ್ಲ, ತಾಯಿಗಿ ಬಿ.ಪಿ. ಏರ್ತದ. ಇವರಿಗೂ ಹಂಗೇ ಆಗಿರಬಹುದು.”

“ಅಂದ್ರ... ಅದರಾಗ ನಮ್ಮ ಮನಿ ಪಾಲೂ ಅದ ಅಂತೀರಾ?”

“ಹೌದ್ರಿ, ಅದ. ಜೀನು ಬದಲಿ ಮಾಡೋ ಔಷಧ ಇಲ್ಲ. ದಿನಾ ಒಂದು ಗುಳಿಗಿ ಕೊಡ್ತೇನಿ, ಬಿ.ಪಿ. ಮ್ಯಾಲ ಕಣ್ಣಿಡ್ರಿ. ನಿಮ್ಮ ಮನಿ ಕೂಸಿಗಾಗಿ ಈಕಿ ಮೈ ಮೂರನೇ ಸಲ ಹೋರಾಡಾಕತ್ತದ!”

ಊರಿಗೆ ಮರಳಿದ ಮೇಲೂ ಸುಭದ್ರಾಬಾಯಿ ಕ್ಷಮೆ ಕೇಳಲಿಲ್ಲ. ಆದರೆ ಜಿಡಗಾದ ಹೆಣ್ಣಿನ ಸುದ್ದಿ ಅಲ್ಲಿಗೇ ನಿಂತಿತು. ಮರುವಾರ ಬಿ.ಪಿ. ನೋಡುವ ಯಂತ್ರ ಮನೆಗೆ ಬಂತು. ಓದು ಬಾರದ ಅತ್ತೆ, ಸೊಸೆಯ ಬಳಿಯೇ ಕುಳಿತು ಅಂಕಿ ಗುರುತಿಸುವುದನ್ನು ಕಲಿತಳು!

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಆ ಅಂಕಿಗಳು ಏರಿದ್ದನ್ನು ಮೊದಲು ಕಂಡವಳೂ ಆಕೆಯೇ. ಜೀಪಿನಲ್ಲಿ ಕಲಬುರಗಿಗೆ ಓಡಿದರು. ಈಗಲೇ ಆಪರೇಷನ್ ಮಾಡಬೇಕು, ಇಬ್ಬರ ಜೀವಕ್ಕೂ ಅಪಾಯವಿದೆ ಎಂದರು ಡಾಕ್ಟರು. ಜೊತೆಗೆ ಬಂದಿದ್ದ ಸುಭದ್ರಾಬಾಯಿಯ ತಮ್ಮ ಮಲ್ಲಣ್ಣ ಅಡ್ಡಬಂದ: “ಏನರೆ ಆಗಲಿ, ವಂಶದ ಕುಡಿ ಉಳಸ್ರಿ!”

“ಬಾಯಿ ಮುಚ್ಚೋ ಮಲ್ಲಣ್ಣಾ!” ಸುಭದ್ರಾಬಾಯಿಯ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. “ಡಾಕ್ಟರ್ ಬಾಯಾರ, ಮೊದಲ ನನ್ನ ಸೊಸಿ! ಆಕಿನ್ನ ಉಳಿಸಿ ಕೊಡ್ರಿ... ಆಕಿ ಇಲ್ಲದ ಮನಿಗಿ ನಾ ಹೋಗಂಗಿಲ್ಲ!”

ಸ್ಟ್ರೆಚರಿನ ಮೇಲಿದ್ದ ಬಸವೇಶ್ವರಿ ಅದನ್ನು ಕೇಳಿದಳು. ಇಷ್ಟು ವರ್ಷ ತಡೆದ ಕಣ್ಣೀರು ಆಗ ಹರಿಯಿತು...

ಇಬ್ಬರೂ ಉಳಿದರು. ಅಂಗೈಯಗಲದ ಹೆಣ್ಣುಕೂಸು ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು.

ಒಂದು ಸಂಜೆ ಪಕ್ಕದ ಮನೆಯ ನಿಂಬೆವ್ವ ತನ್ನ ಸೊಸೆಗೆ ಬಸಿರು ನಿಲ್ಲುತ್ತಿಲ್ಲವೆಂದು ಬೈಯುವುದು ಕೇಳಿಸಿತು. ಸುಭದ್ರಾಬಾಯಿ ನೆಟ್ಟಗೆ ಆ ಅಂಗಳಕ್ಕೆ ನಡೆದಳು.

“ಆ ಹುಡುಗಿಗಿ ಬೈಬ್ಯಾಡ ಬೇ ನಿಂಬೆವ್ವಾ! ನಾನೂ ಹಿಂಗೇ ಬೈದು ಪಾಪ ಕಟ್ಕೊಂಡಾಕಿ. ಇಬ್ಬರೂ ನಮ್ಮ ಮನಿಗಿ ಬರ್ರಿ. ನನ್ನ ಸೊಸಿ ಟೀಚರ್ ಅದಾಳ, ಎಲ್ಲಾ ತಿಳಿಸಿ ಹೇಳ್ತಾಳ!”