ತಪ್ಪು ಫೋಲ್ಡರಿನಲ್ಲಿ ಉಳಿದ ಉತ್ತರ

ಭಾಗ್ಯ ಹದಿನಾಲ್ಕನೆಯ ಫೋಲ್ಡರನ್ನು ಕಟ್ ಮಾಡಿ ಹೊಸ ಡ್ರೈವಿಗೆ ಪೇಸ್ಟ್ ಮಾಡುತ್ತಿದ್ದಳು. ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗಿರುವ ಡಿಟಿಪಿ ಅಂಗಡಿ ಅದು. ಕಂಪ್ಯೂಟರಿನಲ್ಲಿ ಜಾಗ ತುಂಬಿ, ಬೆಳಗಿನಿಂದ ಒಂದು ಲಗ್ನಪತ್ರಿಕೆಯೂ ಸೇವ್ ಆಗಿರಲಿಲ್ಲ.

“ಗಿರಾಕಿ ಫೈಲ್ ಮುಟ್ಟಬ್ಯಾಡ. ಮೊದಲ ನಿನ್ನ ಪರ್ಸನಲ್ ತೆಗಿ,” ಎಂದಳು ಅಂಗಡಿಯ ಒಡತಿ ತಬಸ್ಸುಮ್. “ಸಂಸಾರ ಇದ್ದವ್ರ ಮನ್ಯಾಗೂ ಇಷ್ಟ್ ಸಾಮಾನ ಇರಲ್ಲ ನೋಡು!”

“ಅದಕ್ಕೇ ಸಂಸಾರ ಮಾಡ್ಕೊಂಡಿಲ್ಲ ಆಪಾ. ಜಾಗಾ ಎಲ್ಲದ?”

ನಗುತ್ತಿದ್ದವಳ ಕೈ ಮೌಸಿನ ಮೇಲೆ ನಿಂತಿತು. ಅವಳ ಸ್ವಂತ ಫೋಲ್ಡರಿನಲ್ಲಿ ‘ಏಳನೆಯ ತರಗತಿ’ ಎಂಬ ಫೈಲ್. ಅದು ಇಲ್ಲಿರಬಾರದಿತ್ತು.

ಏಳು ವರ್ಷದ ಹಿಂದೆ ಗೋಪಾಲ ಮಾಸ್ತರರು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುತ್ತಿದ್ದರು. ಗಿರಾಕಿಯ ಹೆಸರಿನ ಫೋಲ್ಡರಿನಲ್ಲಿ ಅವಳು ಫೈಲ್ ಇಡಬೇಕು, ಅವರು ಪಕ್ಕದ ಕುರ್ಚಿಯಲ್ಲಿ ಕೂತು ತಪ್ಪು ನೋಡಬೇಕು. ಒಮ್ಮೆ ಕೊನೆಯ ಪ್ರಶ್ನೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: ‘ಇದನ್ನು ಟೈಪ್ ಮಾಡಬೇಡಿ. ಊಟವಾಯಿತೆ?’

ಅವಳು ಪತ್ರಿಕೆಯ ಕೆಳಗೇ ಟೈಪ್ ಮಾಡಿಟ್ಟಳು: ‘ಆಯಿತು.’

ಅದನ್ನು ಓದುವಾಗ ಅವರು ಕನ್ನಡಕ ಸರಿಪಡಿಸಿಕೊಂಡರು. ಅವಳ ಕಡೆ ನೋಡಲಿಲ್ಲ. ತುಟಿಯಂಚಿನ ನಗು ಮಾತ್ರ ಮಾತು ಕೇಳಲಿಲ್ಲ.

“ತಪ್ಪು ಭಾಳ ಅವ ಏನ್ರಿ?” ಅವಳೇ ಕೇಳಿದಳು.

“ಮಾಡೋರು ನೀವು, ತಿದ್ದೋರು ನಾವಾ?”

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಅವರಿಗೆ ಚಿಂಚೋಳಿಗೆ ವರ್ಗವಾಯಿತು. ಕೊನೆಯ ಹಾಳೆಯಲ್ಲಿ ಪೆನ್ಸಿಲ್ ಅಕ್ಷರ: ‘ಮನೆಯಲ್ಲಿ ನಾನು ಮಾತಾಡುತ್ತೇನೆ. ಒಪ್ಪಿಗೆಯಾದರೆ ಬರೆದಿಡಿ. ಇಲ್ಲವಾದರೆ ಏನೂ ಬರೆಯಬೇಡಿ, ತಿಳಿದುಕೊಳ್ಳುತ್ತೇನೆ.’

ಅವಳು ಪುಟದ ತುಂಬ ಬರೆದಿದ್ದಳು. ಅಷ್ಟರಲ್ಲಿ ಅವ್ವನಿಗೆ ಜ್ವರವೆಂದು ಆಡಕಿಯಿಂದ ಫೋನ್ ಬಂತು. ಅವಸರದಲ್ಲಿ ಸೇವ್ ಮಾಡಿ ಊರಿಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಮಾಸ್ತರರು ಬಂದು ಹೋಗಿದ್ದರು. ಮತ್ತೆ ಸುದ್ದಿಯಿಲ್ಲ. ಓದಿಯೂ ಹಿಂಜರಿದರೆಂದೇ ಅವಳು ತಿಳಿದಳು. ಎರಡು ವರ್ಷದ ಮೇಲೆ ಚಿತ್ತಾಪುರದಲ್ಲಿ ಎದುರಾದಾಗ ಅವರು ಗುರುತಿಲ್ಲದವಳಿಗೆ ಮುಗಿಯುವಂತೆ ಕೈಮುಗಿದರು. ಅವಳು ಮುಖ ತಿರುಗಿಸಿದಳು.

“ಯಾಕ ಸುಮ್ನಾದಿ?” ತಬಸ್ಸುಮ್ ಬಗ್ಗಿ ಪರದೆ ನೋಡಿದಳು. ಓದಿ ಮುಗಿಸಿ ಅಲ್ಲೇ ಕೂತಳು.

“ಆಪಾ, ನನ್ನ ಫೋಲ್ಡರಿಗೇ ಸೇವ್ ಮಾಡೀನಿ. ಅವ್ರ ಫೋಲ್ಡರಿನ್ಯಾಗ ಇದು ಇರ್ಲೇ ಇಲ್ಲ.”

“ಅವತ್ತ ನಾ ಬಾಜೂಕೇ ಇದ್ದೆ. ಮಾಸ್ತರ್ರು ಭಾಳ ಹೊತ್ತು ಹುಡುಕಿದ್ರು. ಸಿಗಲಿಲ್ಲೇನ್ರಿ ಅಂದೆ.” ತಬಸ್ಸುಮಳ ದನಿ ಇಳಿಯಿತು. “‘ಸಿಕ್ತರಿ’ ಅಂದು ಎದ್ದು ಹೋದ್ರು.”

ಭಾಗ್ಯ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೇಲ್ ತೆರೆದು ಮಾಸ್ತರರ ಹಳೆಯ ವಿಳಾಸ ಹುಡುಕಿದಳು.

“ಹುಚ್ಚಿ, ಅವ್ರಿಗೆ ಈಗ ಹೇಣ್ತಿ ಇದ್ದಾಳ, ಕೂಸದ.”

“ಗೊತ್ತದ. ಏನೂ ಕೇಳಲ್ಲ ಆಪಾ. ಅಷ್ಟು ಕೇಳಿದ್ರೂ ಒಂದಕ್ಷರ ಬರೀಲಿಲ್ಲ ಅಂತ ತಿಳ್ಕೊಂಡಾರಲ್ಲ, ಅದೊಂದು ನೋವು ಹೋಗ್ಲಿ.”

ಮೊಬೈಲಿನಲ್ಲಿ ಅಕ್ಷರ ಒಡೆಯದಿರಲೆಂದು ಪಿಡಿಎಫ್ ಮಾಡಿದಳು. ಅದರಲ್ಲಿ ಒಂದು ಮಾತನ್ನೂ ತಿದ್ದಲಿಲ್ಲ. ಮೇಲೆ ಇಷ್ಟು ಬರೆದಳು: ‘ಇದು ಅಂದೇ ಬರೆದ ಉತ್ತರ. ನಿಮಗೆ ಸಿಗದಂತೆ ಇಟ್ಟ ತಪ್ಪು ನನ್ನದು. ಮನೆಯವರಿಗೂ ಓದಿ ಹೇಳಿ, ಮುಚ್ಚಿಡಬೇಡಿ. ಎಲ್ಲರೂ ಸುಖವಾಗಿರಿ.’

ಕಣ್ಣೊರೆಸಿಕೊಂಡು, ಹೆಸರು ಸರಿಯಾಗಿದೆಯೇ ಎಂದು ಎರಡು ಸಲ ನೋಡಿ, ಕಳಿಸಿದಳು.