ಸಾಬವ್ವ ಹಾಕಿದ ಕೊಂಡಿ

ಸಂಜೆ ನಾಲ್ಕಕ್ಕೆ ಸಾಬವ್ವ ಚಹಾ ತಂದಾಗ ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದಳು. ಮೊದಲು ಕಂಡದ್ದು ಗಂಡನ ಚಪ್ಪಲಿ. ಆಮೇಲೆ ಕಾಲು. ಎದೆಯ ಮೇಲೆ ಟೆಂಪೋದ ಇಂಜಿನ್ ಬಿದ್ದಿತ್ತು. ಮೇಲೆ ಚೈನ್ ಪುಲ್ಲಿಯ ಕೊಂಡಿ ಖಾಲಿಯಾಗಿ ನೇತಾಡುತ್ತಿತ್ತು.

ಸಾಬವ್ವ ಚಹಾದ ಲೋಟ ಕೆಳಗಿಟ್ಟಳು. ಆ ಕೊಂಡಿಯನ್ನೇ ನೋಡುತ್ತ ನಿಂತಳು. ಬೆಳಿಗ್ಗೆ ಹತ್ತಕ್ಕೆ ಅದನ್ನು ಇಂಜಿನ್ನಿನ ಸರಪಳಿಗೆ ಸಿಕ್ಕಿಸಿದ್ದು ಅವಳ ಕೈ.

ಮುಂಬಯಿ ಬಳಿಯ ದಿವಾ ಸ್ಟೇಷನ್ನಿನ ಆಚೆ, ಹಳಿಯ ಪಕ್ಕದ ಗ್ಯಾರೇಜು ಅದು. ಅವಳ ಗಂಡ, ವಿಜಯಪುರದ ಕಡೆಯ ಯಂಕಪ್ಪ, ಇಪ್ಪತ್ತು ವರ್ಷದಿಂದ ಅಲ್ಲಿ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದ. ಪಂಚನಾಮೆ ಬೇಗ ಮುಗಿಯಿತು. ತೂಗುಹಾಕಿದ ಇಂಜಿನ್ನಿನ ಕೆಳಗೆ ಕೆಲಸ ಮಾಡುವಾಗ ಕೊಂಡಿ ಜಾರಿದೆ. ಅಪಘಾತ.

*

ಒಂಬತ್ತನೆಯ ದಿನ ಮಧ್ಯಾಹ್ನ ಸಾಬವ್ವ ಪೊಲೀಸ್ ಠಾಣೆಗೆ ಬಂದಳು. ಸಬ್ ಇನ್‌ಸ್ಪೆಕ್ಟರ್ ಜಯಲತಾ ಅವರ ಮೇಜಿನ ಎದುರು ಕೂರಲಿಲ್ಲ.

"ನನ್ನ ಒಳಗ ಹಾಕ್ರಿ ಬಾಯಾರ."

ಜಯಲತಾ ತಲೆ ಎತ್ತಿದರು. ಉಡುಪಿಯವರು, ಡೊಂಬಿವಲಿಯಲ್ಲಿ ಬೆಳೆದವರು. "ಎಂತಕ್ಕೆ?"

"ಕೊಂಡಿ ಹಾಕಿದಾಕಿ ನಾನು. ಆತ ಇಂಜಿನ್ ಹಿಡ್ಕೊಂಡು ನಿಂತಿದ್ದ. ಕೊಂಡಿ ಬಾಯಿ ಮುಚ್ಚೂ ನಾಲಿಗಿ ಸರಿ ಕುಂತೈತೇನ ನೋಡು ಅಂದ. ನಾ ನೋಡದ ಹೂಂ ಅಂದೆ. ಕೆಲಸದ ಮನಿಗೆ ಹೊತ್ತಾಗಿತ್ತು."

"ಕೂತ್ಕೊಳ್ಳಿ."

"ದಿನಾ ಮೂರಕ್ಕ ಬೀಗ ಹಾಕಿದ ಗ್ಯಾರೇಜಿನಾಗ ಬಡೀತಾನ್ರಿ. ಟಕ್, ಟಕ್. ಪಿಸ್ಟನ್ ಹೊರಗ ತಳ್ಳಾಕ ಸುತ್ತಿಗಿಯ ಕಟ್ಟಿಗಿ ಹಿಡಿಕಿಯಿಂದ ಹಂಗ ಬಡೀತಿದ್ದ. ನಾಲಿಗಿ ನೋಡೀಯೇನು, ನೋಡೀಯೇನು ಅಂತ ಕೇಳಿದಂಗ ಆಗತೈತಿ."

ಜಯಲತಾ ಅವರ ಫೋನ್ ಅಲುಗಿತು. ಮಗಳು ದಿಶಾ. "ಮಮ್ಮಾ, ಖಾನಾ ಕಿಧರ್ ಹೈ?"

"ಕುಕ್ಕರಿನಲ್ಲಿ ಉಂಟು ಮಗ. ಬಿಸಿ ಮಾಡು."

ಫೋನಿಟ್ಟು ಸಾಬವ್ವಳ ಕೈ ನೋಡಿದರು. ಬಲಗೈಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ಯಾರದ್ದೋ ಕೈ ಎಂಬಂತೆ.

"ಬನ್ನಿ. ನಾನೂ ಕೇಳ್ತೇನೆ."

*

ಗ್ಯಾರೇಜಿನೊಳಗೆ ಡೀಸೆಲ್ ವಾಸನೆ ಹಾಗೇ ನಿಂತಿತ್ತು. ಗೂಟದಲ್ಲಿ ಯಂಕಪ್ಪನ ಖಾಕಿ ಅಂಗಿ. ಜೇಬಿನಲ್ಲಿ ಇನ್ನೂ ಸ್ಕ್ರೂಡ್ರೈವರ್. ಇಬ್ಬರೂ ಕಾದು ನಿಂತರು.

ಮೂರು ದಾಟಿ ಏಳು ನಿಮಿಷ. ಹೊರಗೆ ಎಕ್ಸ್‌ಪ್ರೆಸ್ ಗಾಡಿಯೊಂದು ಹಾದುಹೋಯಿತು. ನೆಲ ನಡುಗಿತು.

ಟಕ್. ಟಕ್. ಟಕ್.

ಜಯಲತಾ ಕಿವಿಗೊಟ್ಟರು. ಮರದ ಮೇಲೆ ಯಾರೋ ನಿಧಾನವಾಗಿ, ತಾಳ್ಮೆಯಿಂದ ಬಡಿಯುತ್ತಿದ್ದರು. ಸಾಬವ್ವ ಕಣ್ಣು ಮುಚ್ಚಿದ್ದಳು. ಜಯಲತಾ ಸದ್ದಿನ ಹಿಂದೆಯೇ ಹೋದರು.

ಕೊಂಡಿ. ಪಂಚನಾಮೆಯ ದಿನ ಪೊಲೀಸರೇ ಅದನ್ನು ಪುಲ್ಲಿಯ ಸಮೇತ ಮೇಲಿನ ತೊಲೆಯುದ್ದಕ್ಕೆ ಪಕ್ಕಕ್ಕೆ ಸರಿಸಿದ್ದರು. ಈಗ ಅದು ಕಬ್ಬಿಣದ ಮೇಜಿನ ಮೇಲೆ ತೂಗುತ್ತಿತ್ತು. ಮೂರರ ಎಕ್ಸ್‌ಪ್ರೆಸ್ ವೇಗದಲ್ಲಿ ಹೋದಾಗಲೆಲ್ಲ ಮೇಜಿನ ಮೇಲಿದ್ದ ಮರದ ತುಂಡಿಗೆ ತಾಗುತ್ತಿತ್ತು.

"ಇದೇ ಸದ್ದು ಮಾರಾಯ್ತಿ. ನೋಡಿ."

ಸಾಬವ್ವ ನೋಡಿದಳು. ಮುಖ ಸಡಿಲವಾಗಲಿಲ್ಲ. "ಸದ್ದು ಕೊಂಡೀದಿರಬಹುದು. ಕೇಳೂದು ಆತನ."

ಜಯಲತಾ ಮೇಜಿನ ಮೇಲೆ ಬಗ್ಗಿದರು. ಅವರ ಕಣ್ಣು ಮರದ ತುಂಡಿನ ಮೇಲಿತ್ತು. ಅಂಥವು ಎರಡು. ಎರಡರ ಮೇಲೂ ಭಾರ ಕೂತು ಒತ್ತಿದ ಹೊಸ ಗುರುತು. ಸುತ್ತ ಮೇಜಿನ ಮೇಲೆ ಎಣ್ಣೆಯ ಕಲೆ, ಅಂಗೈಯಗಲ.

"ಈ ಮೇಜಿನ ಮೇಲೆ ಎಂತ ಇಡ್ತಿದ್ರು?"

"ಇಂಜಿನ್. ಅಡ್ಡ ಮಲಗಿಸಿ ಪಿಸ್ಟನ್ ತಗೀತಿದ್ದ."

ಇಂಜಿನ್ ಮೂಲೆಯಲ್ಲಿತ್ತು. ಮೇಲಿನ ಹೆಡ್ಡೂ ಕೆಳಗಿನ ಎಣ್ಣೆ ತಟ್ಟೆಯೂ ಬಿಚ್ಚಿದ್ದವು. ಜಯಲತಾ ಟಾರ್ಚ್ ಹಾಕಿದರು. ನಾಲ್ಕು ಗೂಡುಗಳು. ಮೂರರಲ್ಲಿ ಪಿಸ್ಟನ್ ಇತ್ತು. ನಾಲ್ಕನೆಯದು ಬರಿದು.

"ಇದರ ಪಿಸ್ಟನ್ ಎಲ್ಲಿ? ಅದಕ್ಕೆ ಕೂಡಿದ ರಾಡು?"

ಹುಡುಕಿದರು. ಸಿಗಲಿಲ್ಲ. ಸಾಬವ್ವ ಒಂದು ಬಿಸ್ಕಿಟ್ ಡಬ್ಬಿ ತೆರೆದು ನಿಂತುಬಿಟ್ಟಳು.

"ಆರೇ ಅದಾವು."

ಡಬ್ಬಿಯಲ್ಲಿ ಹಸಿರು ರಬ್ಬರಿನ ಬೆರಳುದ್ದದ ತುಂಡುಗಳು.

"ಮನಿಯ ಹಳೇ ಗ್ಯಾಸ್ ಪೈಪು. ನಾನೇ ಇಳಿಗಿ ಮ್ಯಾಲ ಕೊಯ್ದು ಎಂಟು ಮಾಡಿ ಕೊಟ್ಟಿದ್ದೆ. ಕ್ಯಾಪ್ ಬಿಚ್ಚಿದ ಮ್ಯಾಲ ರಾಡಿನ ಎರಡೂ ಬೋಲ್ಟಿಗೆ ಇವನ್ನ ತೊಡಿಸ್ತಿದ್ದ. ಇಲ್ಲಾಂದ್ರ ಹೊರಗ ಬರೂವಾಗ ಬೋಲ್ಟು ಕ್ರ್ಯಾಂಕಿಗೆ ಗೀರತೈತಿ. ಕೆಲಸ ಮುಗಿದ ಕೂಡಲೇ ತಗದು ಡಬ್ಬಿಗೆ ಹಾಕಾಂವ. ಒಂದೂ ಕಳದಾಂವಲ್ಲ."

ಜಯಲತಾ ಮೂಲೆಯಲ್ಲಿದ್ದ ಏರ್ ಫಿಲ್ಟರಿನ ಡಬ್ಬಿ ಎತ್ತಿದರು. ಒಳಗೆ ಒಣಗಿದ ಕೆಸರು, ಒಂದು ಹುಲ್ಲಿನ ಎಸಳು.

"ಈ ಇಂಜಿನ್ ಯಾರದ್ದು?"

"ಕಾಮೋಠೆಯ ಮನೀಷ್ ಅಂತ. ವಾಶಿ ಮಾರ್ಕೆಟ್ಟಿನಿಂದ ತರಕಾರಿ ಹೊಡಿತಾನ. ಎರಡು ಟೆಂಪೋ ಅದಾವು."

ಆ ಹೆಸರು ಜಯಲತಾ ಅವರಿಗೆ ಗೊತ್ತಿತ್ತು.

*

ಪಕ್ಕದ್ದು ಮುಂಡಪ್ಪನ ಗುಜರಿ ಅಂಗಡಿ. ಗೋಡೆಯ ವಿಷಯಕ್ಕೆ ಅವನಿಗೂ ಯಂಕಪ್ಪನಿಗೂ ಜಗಳವಾಗಿತ್ತು. ರಾಡು ಗುಜರಿಗೆ ಬಂದಿರಬಹುದು. ಜಯಲತಾ ನೇರ ಕೇಳಿದರು.

"ಹುಡುಕ್ರಿ ಬಾಯಾರ," ಮುಂಡಪ್ಪ ಬೀಡಿ ಆರಿಸಿದ. "ಸಿಕ್ಕರ ನನ್ನನ್ನೂ ತೂಕಕ್ಕ ಹಾಕ್ರಿ. ಆ ಮಗ ಹಳೇ ಸಾಮಾನು ನನಗ ಒಂದಿನಾ ಕೊಟ್ಟಿಲ್ಲ. ಎಲ್ಲಾ ಗಾಡಿ ಮಾಲಕರ ಕೈಯಾಗ ಇಡಾಂವ. ಒರಸಿ, ಪೇಪರಿನ್ಯಾಗ ಸುತ್ತಿ, ನೋಡ್ರಿ ಇದು ಹೋಗಿತ್ತು ಅಂತ ತೋರಿಸಿ. ಭಾಳ ಸೊಕ್ಕು." ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿ ಹೇಳಿದ, "ಜಗಳಾಡಾಕ ಈಗ ಯಾರೂ ಇಲ್ಲ."

ರಾಡು ಅಲ್ಲಿರಲಿಲ್ಲ.

*

ಎರಡು ದಿನದ ನಂತರ ಜಯಲತಾ ಮನೀಷನನ್ನು ಗ್ಯಾರೇಜಿಗೆ ಕರೆಸಿದರು. ಸಾಬವ್ವ ಗೋಡೆಗೆ ಒರಗಿ ನಿಂತಿದ್ದಳು.

"ಇಂಜಿನ್ ಕೊಡ್ತೀರಾ ಮೇಡಂ? ಧಂದಾ ಬಂದ್ ಪಡಾ ಹೈ."

"ಕೊಡುವ. ಇದಕ್ಕೆ ಎಂತ ಆಗಿತ್ತು?"

"ಆಯಿಲ್ ಖತಮ್. ಜಾಮ್ ಆಯ್ತು."

"ಅವತ್ತು ನೀನು ಇಲ್ಲಿಗೆ ಬಂದಿದ್ಯಾ?"

"ಬಂದೇ ಇಲ್ಲ. ಅದಕ್ಕೂ ಮೊದಲೂ ಇಲ್ಲ. ಇಂಜಿನ್ ಬೇರೆಯವರು ತಂದು ಹಾಕಿದ್ದು."

ಜಯಲತಾ ಮೇಜಿನ ಮೇಲೆ ಆರು ಹಸಿರು ತುಂಡುಗಳನ್ನು ಸಾಲಾಗಿ ಇಟ್ಟರು. ಇಳಿಗೆಯ ಮೇಲೆ ಕೊಯ್ದದ್ದು. ಒಂದೊಂದು ತುದಿಯೂ ಒಂದೊಂದು ಓರೆ. ಒಂದರ ತುದಿಗೆ ಇನ್ನೊಂದರ ತುದಿ ಕೂಡಿತು. ನಡುವೆ ಎರಡು ತುಂಡಿನಷ್ಟು ಜಾಗ ಉಳಿಯಿತು. ಜೇಬಿನಿಂದ ಏಳನೆಯದನ್ನು ತೆಗೆದು ಅಲ್ಲಿಟ್ಟರು. ಓರೆಗೆ ಓರೆ ಕೂತಿತು.

"ಇದು ನಿನ್ನೆ ನಿನ್ನ ಇನ್ನೊಂದು ಟೆಂಪೋದಲ್ಲಿ ಸಿಕ್ಕಿದ್ದು. ಸೀಟಿನ ಕೆಳಗೆ, ಮ್ಯಾಟಿನ ಅಡಿಯಲ್ಲಿ. ಪಂಚ ಸಾಕ್ಷಿಗಳ ಎದುರು."

ಮನೀಷ್ ಬಾಗಿಲ ಕಡೆ ನೋಡಿದ. ಅಲ್ಲಿ ಕಾನ್‌ಸ್ಟೇಬಲ್ ಇದ್ದ.

"ಹಳೆ ರಾಡನ್ನು ಯಂಕಪ್ಪನೇ ನಿನಗೆ ಕೊಟ್ಟಿದ್ದರೆ ರಬ್ಬರ್ ತೆಗೆದೇ ಕೊಡ್ತಿದ್ದ. ರಬ್ಬರಿನ ಸಮೇತ ಹೋಗಿದೆ. ಅಂದ್ರೆ ಕೊಟ್ಟದ್ದಲ್ಲ, ತೆಗೊಂಡು ಹೋದದ್ದು. ಕೆಟ್ಟ ರಾಡನ್ನು ಯಾಕೆ ಮುಚ್ಚಿಡಬೇಕು? ಅದು ಸೊಟ್ಟಗಾಗಿದ್ದರೆ ಮಾತ್ರ. ಆಯಿಲ್ ಮುಗಿದರೆ ಬೇರಿಂಗ್ ಸುಡ್ತದೆ. ರಾಡು ಹಾಗೆ ಬಾಗುವುದು ಇಂಜಿನ್ ನೀರು ಕುಡಿದಾಗ. ಫಿಲ್ಟರಿನ ಕೆಸರನ್ನು ನೀನು ಮರೆತೆ."

ಜುಲೈ ತಿಂಗಳ ಮಳೆಯಲ್ಲಿ ಕಲ್ಯಾಣ್–ಶಿಳ್ ರಸ್ತೆಯಲ್ಲಿ ಒಂದು ಟೆಂಪೋ ಸೈಕಲ್ಲಿನ ಹಾಲಿನವನಿಗೆ ಹೊಡೆದು ಕೊಂದು, ರಸ್ತೆಯಲ್ಲಿ ನಿಂತ ನೀರಿನೊಳಗೆ ನುಗ್ಗಿ ಪರಾರಿಯಾಗಿತ್ತು. ಅವನ ಕ್ಯಾನು ಸಂಜೆಯವರೆಗೂ ತೇಲುತ್ತಿತ್ತು. ನನ್ನ ಟೆಂಪೋ ನಾಲ್ಕು ದಿನ ಮೊದಲೇ ಆಯಿಲ್ ಇಲ್ಲದೆ ಕೆಟ್ಟು ಮನೆ ಮುಂದೆ ನಿಂತಿದೆ ಎಂದು ಮನೀಷ್ ಹೇಳಿಕೆ ಕೊಟ್ಟಿದ್ದ. ಅದನ್ನು ಬರೆದುಕೊಂಡು ನಂಬಿದವರು ಜಯಲತಾ ಅವರೇ. ಆ ಕ್ಯಾನು ಅವರ ಕಣ್ಣ ಮುಂದೆ ಈಗಲೂ ತೇಲುತ್ತಿತ್ತು.

ಮನೀಷ್ ಮರದ ತುಂಡನ್ನು ನೋಡುತ್ತ ಹೇಳಿದ. "ಯಾರಾದ್ರೂ ಕೇಳಿದ್ರೆ ಆಯಿಲ್ ಖತಮ್ ಆಗಿತ್ತು ಅಂತ ಹೇಳು ಅಂದೆ. ಅಷ್ಟೇ ಕೇಳಿದ್ದು. ನಾನು ಸುಳ್ಳು ಹೇಳಾಂವಲ್ಲ, ಇದು ನೀರು ಹೊಕ್ಕಿದ್ದು ಅಂದ ಯಂಕಪ್ಪ. ಕೈಯಲ್ಲಿ ರಾಡ್ ಹಿಡಿದಿದ್ದ. ಸಬ್ಬಲ್ ಹತ್ತಿರದಲ್ಲೇ ಇತ್ತು."

ಸಬ್ಬಲ್ಲಿನ ಹೊಡೆತಕ್ಕೆ ಬಿದ್ದವನ ಮೇಲೆ ಮನೀಷ್ ಇಂಜಿನ್ನನ್ನು ಪುಲ್ಲಿಯಿಂದ ಎತ್ತಿ ತಂದಿದ್ದ. ಸರಪಳಿಯನ್ನು ಕೊಂಡಿಯ ತುದಿಗಷ್ಟೇ ಸಿಕ್ಕಿಸಿ, ಅದೇ ಕಬ್ಬಿಣದ ಹಾರೆಯಿಂದ ತಳ್ಳಿದ್ದ. ರಾಡನ್ನು ಸಮುದ್ರದ ಖಾಡಿಯ ನೀರಿಗೆ ಎಸೆದಿದ್ದ.

*

ಜೀಪು ಹೋದ ಮೇಲೂ ಸಾಬವ್ವ ಅಲ್ಲೇ ಇದ್ದಳು. ಕೈ ಇನ್ನೂ ಸೆರಗಿನಲ್ಲಿ.

"ಒಂದು ಕೇಳ್ರಿ ಬಾಯಾರ. ನಾ ಹಾಕಿದ ಕೊಂಡಿ?"

ಜಯಲತಾ ಅವಳನ್ನು ಮೇಜಿನ ಬಳಿ ಕರೆದರು. "ಪಿಸ್ಟನ್ ತೆಗೀಬೇಕಾದ್ರೆ ಇಂಜಿನ್ ಎಲ್ಲಿರಬೇಕು?"

"ಇಲ್ಲಿ. ಮಲಗಿರಬೇಕು. ತೂಗೂದನ್ನ ಬಡದ್ರ ಓಲಾಡತೈತಿ. ಒಬ್ಬನೇ ಇದ್ದಾಗ ಆಗೂದಿಲ್ಲ."

"ನಾಲ್ಕನೆಯ ಪಿಸ್ಟನ್ ತೆಗೆದವರು ಯಾರು?"

"ಆತನೇ. ರಬ್ಬರ ತೊಡಿಸ್ಯಾನಲ್ಲ."

"ಹಾಗಾದ್ರೆ ನೀವು ಹಾಕಿದ ಕೊಂಡಿ ಇಂಜಿನ್ನನ್ನು ಈ ಮೇಜಿನವರೆಗೆ ತಂದು ಇಳಿಸಿದೆ. ಅದನ್ನು ಬಿಚ್ಚಿದ್ದು ಯಂಕಪ್ಪ. ಆಮೇಲೆ ಕೂತು ನಿಧಾನಕ್ಕೆ ಕೆಲಸ ಮಾಡಿದ್ದಾರೆ. ಬಿದ್ದದ್ದು ನಿಮ್ಮ ಕೊಂಡಿಯಿಂದ ಅಲ್ಲ."

ಸಾಬವ್ವ ಬಹಳ ಹೊತ್ತು ಮೇಜಿನ ಎಣ್ಣೆ ಕಲೆ ನೋಡಿದಳು. ಸೆರಗಿನಿಂದ ಬಲಗೈ ತೆಗೆದು ಅದರ ಮೇಲಿಟ್ಟಳು.

ಹೊರಗೆ ಮೂರರ ಎಕ್ಸ್‌ಪ್ರೆಸ್ ಬಂತು. ನೆಲ ನಡುಗಿತು. ಟಕ್. ಟಕ್. ಟಕ್.

"ಆ ಚೈನನ್ನು ಇಳಿಸಲು ಹೇಳ್ಲಾ?" ಜಯಲತಾ ಮೆಲ್ಲಗೆ ಕೇಳಿದರು.

"ಬ್ಯಾಡ್ರಿ," ಎಂದಳು ಸಾಬವ್ವ. "ಇನ್ನೂ ಮೂರು ಪಿಸ್ಟನ್ ಉಳದಾವು. ಆತ ಮಾಡ್ಲಿ."